ಸುಲಿಯದೆ ಬಿಟ್ಟ ಮೊಗ್ಗು

ಮಕ್ಕಳ ಅನಿಮೇಷನ್ ಸರಣಿಯೊಂದರ ಖಳನಾಯಕನನ್ನು ಹುಟ್ಟಿಸಿದವನು ನಾನು ಎಂದು ಹನ್ನೆರಡು ವರ್ಷದಿಂದ ಹೇಳಿಕೊಂಡು ಬಂದಿದ್ದೇನೆ. ಪ್ರಯೋಗಶಾಲೆಯಲ್ಲಿ ವಂಶವಾಹಿಗಳನ್ನು ಕತ್ತರಿಸಿ ಜೋಡಿಸಿ ಮಾಡಿದ ಮನುಷ್ಯ ಅವನು. ಹೆಬ್ಬೆರಳ ಉಗುರು ಕುಡುಗೋಲಿನಷ್ಟು ಉದ್ದ. ಅವನ ಮುಖವಿರುವ ಟೀಶರ್ಟು ಈಗ ಗಜೇಂದ್ರಗಡದ ಸಂತೆಯಲ್ಲೂ ಸಿಗುತ್ತದೆ. ಹೋದ ತಿಂಗಳು ಸರಣಿಯವರು, ಅವನು ಹುಟ್ಟಿದ ಬಗೆ ಕುರಿತು ಪುಸ್ತಕ ತರುತ್ತೇವೆ, ಮುನ್ನುಡಿ ಬರೆದುಕೊಡಿ ಎಂದರು. ಬರೆದೆ. ಕಳಿಸುವ ಮುಂಚೆ ಜಕ್ಕಲಿಯಲ್ಲಿರುವ ಅಕ್ಕನ ಮನೆಗೆ ಹೋಗಿ ಓದಿ ಹೇಳಿದೆ. ಅಂದು ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ನಾನು ಬರೆದದ್ದು ಇಷ್ಟು. ಸವಡಿಯಲ್ಲಿ ನಾನು ಏಳನೆಯ ತರಗತಿ, ಅಕ್ಕ ಹತ್ತನೆಯದು. ದಸರೆಯ ರಜೆಯಲ್ಲಿ ಹತ್ತಿ ಬೀಜದ ಪ್ಲಾಟಿಗೆ ಕ್ರಾಸಿಂಗ್ ಕೆಲಸಕ್ಕೆ ಹೋಗುತ್ತಿದ್ದೆವು. ಮರುದಿನ ಅರಳುವ ಮೊಗ್ಗನ್ನು ಮಧ್ಯಾಹ್ನವೇ ಹುಡುಕಿ, ಹೆಬ್ಬೆರಳ ಉಗುರಿನಿಂದ ಎಸಳು, ಗಂಡು ಕೇಸರ ಎಲ್ಲವನ್ನೂ ಸುಲಿದು, ಉಳಿದ ಹೆಣ್ಣು ಭಾಗಕ್ಕೆ ಕೆಂಪು ಕಾಗದದ ಟೊಪ್ಪಿಗೆ ಹಾಕಬೇಕು. ಬೆಳಿಗ್ಗೆ ಬೇರೆ ತಳಿಯ ಗಂಡು ಹೂ ತಂದು ಅದಕ್ಕೆ ಸವರಬೇಕು. ಕಣ್ತಪ್ಪಿ ಉಳಿದ ಮೊಗ್ಗು ತಾನೇ ಅರಳಿ ತನ್ನದೇ ಬೀಜ ಕಟ್ಟುತ್ತದೆ. ಅದು ಬೆರೆತರೆ ಮಿಕ್ಕ ಬೀಜವೂ ಕೆಟ್ಟಂತೆ.

ಒಂದು ಬೆಳಿಗ್ಗೆ ಅಕ್ಕನ ಸಾಲಿನಲ್ಲಿ ಹತ್ತಾರು ಹೂ ಟೊಪ್ಪಿಗೆಯಿಲ್ಲದೆ ಅರಳಿ ನಿಂತಿದ್ದವು. ಪ್ಲಾಟಿನ ಮಾಲೀಕ ಎಲ್ಲರೆದುರು ಬೈದ. ಮನೆಗೆ ಬರುವಾಗ ಅಳುತ್ತಿದ್ದ ಅವಳನ್ನು ನಗಿಸಲು ನಾನು ಕಥೆ ಕಟ್ಟಿದೆ: ಎಲೆಯ ಮರೆಯಲ್ಲಿ ಉಳಿದ ಮೊಗ್ಗೊಂದು ಮನುಷ್ಯನಾಗಿ ಹುಟ್ಟಿ, ಊರೂರಿನ ಬೀಜ ಕೆಡಿಸುತ್ತ ಹೋಗುತ್ತಾನೆ. ಅವನೇ ಮುಂದೆ ಸರಣಿಯ ಖಳನಾಯಕನಾದ.

ಅಕ್ಕ ರೊಟ್ಟಿ ಬಡಿಯುತ್ತಲೇ ಕೇಳಿದಳು. ಮುಗಿದ ಮೇಲೂ ಕೈ ನಿಲ್ಲಲಿಲ್ಲ.

"ಭಾಳ ಚಲೋ ಬರದಿ. ಖರೇ ಒಂದೂ ಇಲ್ಲ."

"ಯಾವ್ದು ಸುಳ್ಳು?"

"ಸಾಲು ನಿಂದು. ಅರ್ಧಾಕ್ಕ ಬಿಟ್ಟು ಬೆಳವಣಕಿಗೆ ಕ್ರಿಕೆಟ್ ನೋಡಾಕ ಓಡಿದ್ದಿ. ಮರದಿನ ಮಾಲಕ, ಯಾರ ಸಾಲಿದು ಅಂತ ಕೇಳಿದಾಗ ನೀ ನನ್ನ ಕಡೆ ನೋಡಿದಿ."

"ಹಂಗಾದ್ರ ನೀ ಯಾಕ ಸುಮ್ಮನಿದ್ದಿ?"

"ನಿನ್ನ ಹೊಡಿತಾನ ಅಂತ ಅಂಜಿಕಿ ಬಂತಲೇ. ಸೂಟಿ ಪೂರಾ ನನ್ನ ಕ್ರಾಸಿಂಗ್ ಬಿಡಿಸಿ ಕಸಾ ತಗಿಯಾಕ ಹಾಕ್ತಾನ ಅಂತ ನಂಗೇನ್ ಗೊತ್ತು? ಮುಂದ ಬೆಳವಣಕಿ ಪ್ಲಾಟಿನವರೂ ಕರೀಲಿಲ್ಲ. ಅಕಿ ಕೈ ನಂಬಿಗಿಲ್ಲ ಅಂದ್ರು."

"ಮತ್ತ ಕಥಿ?"

"ಅದೂ ನಂದ. ನಾ ಏನ್ ಅಳಲಿಲ್ಲ. ಸಿಟ್ಟಿಗೆ ದಾರಿ ತುಂಬ ನಿನ್ನ ಬೈಕೋತ ಬಂದೆ. ಬೀಜಾ ಕೆಡಿಸೋ ಆ ಮನಷ್ಯಾ ಬ್ಯಾರೆ ಯಾರೂ ಅಲ್ಲೋ ತಮ್ಮಾ, ನೀನ! ಇಡೀ ಗುಂಪಿನ್ಯಾಗ ಉದ್ದ ಉಗುರು ನಿಂದ ಇತ್ತು. ಕೆಲಸಾ ಒಂದ ಇದ್ದಿಲ್ಲ."

ಅವಳು ನಕ್ಕಳು. ನಾನು ಎದ್ದು ರೋಣದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಅವಳ ಮಾತಿನಲ್ಲಿ ತಪ್ಪು ಹುಡುಕಿದೆ. ಧಾರವಾಡದಲ್ಲಿ ಜೀವಶಾಸ್ತ್ರ ಓದಿದವನು ನಾನು. ಜಾತಕ, ಹರಕೆ, ಹಿರಿಯರ ಮಾತು, ಯಾವುದನ್ನೂ ಪುರಾವೆಯಿಲ್ಲದೆ ಒಪ್ಪಿದವನಲ್ಲ. ಮೂವತ್ತು ವರ್ಷದ ಹಿಂದಿನ ಬೆಳಗು ಅವಳಿಗೆ ಮಾತ್ರ ಸರಿಯಾಗಿ ನೆನಪಿರಬೇಕೇಕೆ? ಬೆಳವಣಕಿಯ ಆಟ ನನಗೆ ಒಂದಿಷ್ಟೂ ನೆನಪಿಲ್ಲ. ಅಕ್ಕ ಅತ್ತದ್ದು ಕಣ್ಣಿಗೆ ಕಟ್ಟಿದಂತಿದೆ. ಆದರೆ ಅದನ್ನು ಎಷ್ಟು ಸಂದರ್ಶನಗಳಲ್ಲಿ ಹೇಳಿದ್ದೇನೆಂದರೆ, ಕಣ್ಣಿಗೆ ಕಟ್ಟಿರುವುದು ಅಕ್ಕನೋ ನನ್ನ ಮಾತೋ ಗೊತ್ತಾಗುವುದಿಲ್ಲ.

ರೋಣದ ಬಸ್ ನಿಲ್ದಾಣದಲ್ಲಿ ಕುಳಿತಾಗ ಒಂದು ಸಂಗತಿ ಎದುರಿಗೆ ಬಂದು ನಿಂತಿತು. ಆ ಗುಂಪಿನಲ್ಲಿ ಅಕ್ಕನಷ್ಟು ಚುರುಕು ಕೈ ಇನ್ನೊಂದಿರಲಿಲ್ಲ. ಅವಳು ನಡೆದ ಸಾಲಿನಲ್ಲಿ, ಹಿಂದೆ ತಪಾಸಣೆಗೆ ಬಂದವರಿಗೆ ಸುಲಿಯದೆ ಉಳಿದ ಒಂದು ಮೊಗ್ಗೂ ಸಿಕ್ಕಿದ್ದಿಲ್ಲ. ಇದರಲ್ಲಿ ನನಗೆ ಅನುಮಾನವೇ ಇಲ್ಲ. ಹಾಗಿದ್ದರೆ ಅಂಥವಳ ಸಾಲಿನಲ್ಲಿ ಹತ್ತಾರು ಹೂ ಉಳಿದದ್ದು ಹೇಗೆ? ದೇವರನ್ನೂ ಬಿಡದೆ ಪ್ರಶ್ನೆ ಕೇಳಿದ ನನಗೆ ಇದೊಂದು ಪ್ರಶ್ನೆ ಮೂವತ್ತು ವರ್ಷ ಹೊಳೆಯಲಿಲ್ಲ. ನಾಚಿಕೆಗಿಂತ ಮೊದಲು ಬಂದದ್ದು ಸಿಟ್ಟೇ. ಅಕ್ಕನ ಮೇಲೆ, ಆ ಮಾಲೀಕನ ಮೇಲೆ, ನನ್ನ ಪದವಿಯ ಮೇಲೆ.

ಅದೇ ಬಸ್ಸಿನಲ್ಲಿ ಜಕ್ಕಲಿಗೆ ತಿರುಗಿ ಹೋದೆ.

"ಪುಸ್ತಕದಾಗ ನಿನ್ನ ಹೆಸರು ಹಾಕಸ್ತೀನಿ."

"ಹೆಸರು ತಗೊಂಡು ರೊಟ್ಟಿಗೆ ಹಚ್ಚಿಕೊಳ್ಳಲೇನು? ಸಾಲು ನಿಂದು ಅಂತ ಬರಿ. ಅಷ್ಟ ಸಾಕು."

"ನಂಗ ನೆನಪಿಲ್ಲಲ್ಲ ಅಕ್ಕಾ."

"ನಿಂಗ ನೆನಪಿಲ್ಲ ಅಂದ್ರ, ನಾ ಕಸಾ ತಗದದ್ದು ಸುಳ್ಳಾತೇನು?"

ಮುನ್ನುಡಿಯನ್ನು ತಿದ್ದಿ ಕಳಿಸಿದೆ. ಸರಣಿಯವರು ಫೋನ್ ಮಾಡಿದರು. "ಅಳುವ ಅಕ್ಕನನ್ನು ತಮ್ಮ ನಗಿಸೋದೇ ಚೆಂದ ಇತ್ತಲ್ಲ ಸಾರ್. ಓದೋರಿಗೆ ಹಿಡಿಸುತ್ತೆ. ಹಳೇದನ್ನೇ ಇಟ್ಕೊಳ್ತೀವಿ."

ಇಟ್ಟುಕೊಳ್ಳಕೂಡದು ಎಂದು ಕೂಗಿದೆ. ಮುನ್ನುಡಿಯೇ ಬೇಡ ಎಂದರು. ಬೇಡವಾದರೆ ಬೇಡ. ಅಲ್ಲಿ ಹೇಳಲಾಗದ್ದನ್ನು ಇಲ್ಲಿ ಹೇಳುತ್ತಿದ್ದೇನೆ. ಸವಡಿ, ಬೆಳವಣಕಿಯ ಪ್ಲಾಟುಗಳಲ್ಲಿ ಆ ವರ್ಷ ಕೆಲಸ ಮಾಡಿದವರು, ಮಾಡಿಸಿದವರು ಯಾರಾದರೂ ಓದುತ್ತಿದ್ದರೆ ತಿಳಿದುಕೊಳ್ಳಿ: ಆ ಸಾಲು ನನ್ನದು. ನನಗೆ ನೆನಪಿಲ್ಲ, ಆದರೂ ನನ್ನದೇ. ಅಕ್ಕನ ಸಾಲಿನಲ್ಲಿ ಒಂದು ಮೊಗ್ಗೂ ಉಳಿದಿರಲಿಲ್ಲ.