ನಾಲ್ಕು ದಿಕ್ಕಿಗೂ ಹಸಿರು

ನನಗೆ ಬರೆದು ಅಭ್ಯಾಸವಿಲ್ಲ, ಹೇಳುವುದು ಅಡ್ಡಾದಿಡ್ಡಿಯಾದರೆ ಕ್ಷಮಿಸಿ. ಆಗ ಜಯನಗರದಲ್ಲಿ ವೆರಿಲಾಗ್ ಕಲಿಯುತ್ತಿದ್ದೆ. ವೆರಿಲಾಗ್ ಎಂದರೆ ಸರ್ಕ್ಯೂಟ್ ಹೇಗಿರಬೇಕೆಂದು ಬರೆದು ತಿಳಿಸುವ ಭಾಷೆ. ಸರ್ಕ್ಯೂಟ್ ಎಂದರೆ... ಇರಲಿ, ಅದು ನಿಮಗೆ ಗೊತ್ತಿರುತ್ತದೆ.

ಕೋರ್ಸ್ ಪಾಸಾಗಲು ನಾಲ್ಕು ರಸ್ತೆ ಕೂಡುವಲ್ಲಿನ ಟ್ರಾಫಿಕ್ ಸಿಗ್ನಲ್ ಮಾಡಿ ತೋರಿಸಬೇಕಿತ್ತು. ಮೊದಲು ಈ ರಸ್ತೆಗೆ ಹಸಿರು, ಆಮೇಲೆ ಆ ರಸ್ತೆಗೆ ಎಂದು ಸಾಲಾಗಿ ಬರೆದೆ. ಕಲಿಸುವ ಮೇಡಂ ಅದನ್ನು ಪುಟ್ಟ ದೀಪಗಳಿದ್ದ ಸರ್ಕ್ಯೂಟ್ ಬೋರ್ಡಿಗೆ ತುಂಬಿಸಿ ಸ್ವಿಚ್ ಒತ್ತಿದರು. ನಾಲ್ಕು ದಿಕ್ಕಿಗೂ ಒಟ್ಟಿಗೇ ಹಸಿರು ದೀಪ ಹತ್ತಿತು.

ಮೇಡಂ ನನ್ನ ಕಡೆ ತಿರುಗಿ ಕೇಳಿದರು. "ಇದು ಯಾವ ಸರ್ಕಲ್ರೀ?"

"ಬನಶಂಕರಿ ಬಸ್ ಸ್ಟ್ಯಾಂಡ್ ಹತ್ರದ್ದು, ಮೇಡಂ."

"ಹಂಗಾದ್ರೆ ಸರಿಯಾಗೇ ಇದೆ. ಆದ್ರೂ ಪಾಸ್ ಮಾಡಕ್ಕಾಗಲ್ಲ, ದಿನಾ ಅಲ್ಲೇ ಸ್ಕೂಟರಲ್ಲಿ ಹೋಗೋಳು ನಾನು. ಸೋಮವಾರ ಸರಿ ಮಾಡ್ಕೊಂಡು ಬನ್ನಿ."

ತಪ್ಪಾದದ್ದು ಎಲ್ಲಿ ಅಂದರೆ, ಮೇಲೆ ಬರೆದದ್ದು ಮೊದಲು, ಕೆಳಗೆ ಬರೆದದ್ದು ಆಮೇಲೆ ನಡೆಯುತ್ತದೆ ಎಂದುಕೊಂಡಿದ್ದೆ. ಸರ್ಕ್ಯೂಟಿನಲ್ಲಿ ಹಾಗಲ್ಲ, ಎಲ್ಲವೂ ಒಂದೇ ಸಲಕ್ಕೆ ನಡೆಯುತ್ತದೆ. ಉದಾಹರಣೆಗೆ, ಒಂದು ಮನೆ ಇದೆ ಎಂದುಕೊಳ್ಳಿ, ಆ ಮನೆಯಲ್ಲಿ...

ಹೆಂಡತಿ ಬಚ್ಚಲಿನಿಂದ ಕೂಗುತ್ತಿದ್ದಾಳೆ. "ರೀ, ಹಾಲು ಉಕ್ತಿದೆ, ಫೋನ್ ಹೊಡ್ಕೋತಿದೆ, ಬಾಗಿಲಲ್ಲಿ ಗ್ಯಾಸ್‌ನವರು ಬಂದಿದಾರೆ, ನೋಡ್ರೀ."

ಕ್ಷಮಿಸಿ, ಏಳಬೇಕು. ಒಂದೊಂದಾಗಿ ನೋಡ್ತೀನಿ ಅಂತ ಅವಳಿಗೆ ಹೇಳಿದ್ದೇನೆ.