ಗೋಡೆಯಾಚೆಯ ಬೇವು

"ಬೀಬಿಜಾನಳ ನೀರು, ಇಮಾಮಸಾಬನ ನೆರಳು" ಅಂತ ಮಟಕಿ ಊರಿನ ಆ ಓಣಿಯ ಹೆಣ್ಣುಮಕ್ಕಳು ನಗುತ್ತಿದ್ದರು. ನಗುವುದಕ್ಕೆ ಕಾರಣವೂ ಇತ್ತು. ಬೀಬಿಜಾನಳ ಅಂಗಳದ ಗೋಡೆಗೆ ಹತ್ತಿಕೊಂಡೇ ಖಬರಸ್ತಾನ. ಗೋಡೆಯ ಬುಡಕ್ಕೆ ಅವಳೇ ಒಂದು ಕಿಂಡಿ ಕೊರೆಸಿದ್ದಳು. ದಿನಾ ಬೆಳಗ್ಗೆ ಅಂಗಳದ ಸಣ್ಣ ಕಾಲುವೆಗೆ ಕೊಡ ಬಗ್ಗಿಸಿದರೆ, ನೀರು ಕಿಂಡಿ ದಾಟಿ ಗಂಡ ಲಾಡ್ಲೆಸಾಬನ ಗೋರಿಯ ತಲೆದೆಸೆಯ ಬೇವಿಗೆ ಹೋಗಬೇಕು. ಅಷ್ಟು ನೀರು ಹಾಕಿದರೂ ಆ ಬೇವು ಕಡ್ಡಿಯಂತೆಯೇ ಉಳಿಯಿತು. ಅದರ ಪಕ್ಕದಲ್ಲಿ ಅದೇ ಓಣಿಯ ಇಮಾಮಸಾಬನ ಅಪ್ಪನ ಗೋರಿಯ ಬೇವು ಛತ್ರಿ ಬಿಚ್ಚಿದ ಹಾಗೆ ಹರಡಿ ನಿಂತಿತ್ತು.

ಲಾಡ್ಲೆಸಾಬ ಗೌಂಡಿ, ಬದುಕಿದ್ದಷ್ಟು ದಿನ ಕಲ್ಲು ಹೊತ್ತವನು. "ಸತ್ತ ಮ್ಯಾಗರೆ ನನ್ನ ಮ್ಯಾಲೆ ಕಲ್ಲು ಹೇರಬ್ಯಾಡ್ರಿ, ಒಂದು ಬೇವಿನ ಸಸಿ ಹಚ್ಚ್ರಿ" ಅಂದಿದ್ದ. ಹಾಗೇ ಮಾಡಿದರು. ಮಣ್ಣಿನ ದಿಬ್ಬ ಮಳೆಗೆ ಕರಗಿ ನೆಲಕ್ಕೆ ಸಮವಾಯಿತು. ಅವನಿರುವ ಜಾಗಕ್ಕೆ ಗುರುತು ಅಂತ ಉಳಿದದ್ದು ಆ ಮರವೊಂದೇ. ಅದು ಒಣಗಿದರೆ ಅವನೂ ಕಳೆದುಹೋಗುತ್ತಾನೆ. ಹೆಣ್ಣುಮಕ್ಕಳು ಖಬರಸ್ತಾನದ ಒಳಗೆ ಕಾಲಿಡುವ ರೂಢಿ ಆ ಓಣಿಯಲ್ಲಿಲ್ಲ. ಗೋಡೆಯ ಮೇಲೆ ಕಾಣುವ ಬೇವಿನ ತುದಿಯನ್ನೇ ಬೀಬಿಜಾನ ಗಂಡನ ಮುಖದ ಹಾಗೆ ನೋಡುತ್ತಿದ್ದಳು.

ಸುತ್ತೆಲ್ಲ ತೊಗರಿಯ ಬಯಲು. ಊರಿಗೆ ಅಡವಿ ಅಂತ ಇದ್ದದ್ದು ಆ ಖಬರಸ್ತಾನವೇ. ಗೋರಿಗೊಂದು ಬೇವು ಹಚ್ಚಿ ಹಚ್ಚಿ ಒಂದರ ಮೈಗೆ ಒಂದು ತಾಗಿದ್ದವು. ಕೆಳಗೆ ಮಲಗಿದವರು ಸುಮ್ಮನಿದ್ದರು, ಮೇಲೆ ನಿಂತವು ಸುಮ್ಮನಿರಲಿಲ್ಲ. ಮೊದಲು ಎತ್ತರ ಹೋದದ್ದು ಕೈ ಚಾಚಿ ಬಿಸಿಲನ್ನೆಲ್ಲ ಬಾಚಿಕೊಳ್ಳುವುದು. ಹಿಂದೆ ಬಿದ್ದದ್ದು ಕೆಳಗಿನ ಕೊಂಬೆ ಉದುರಿಸಿ, ಕುತ್ತಿಗೆ ಉದ್ದ ಮಾಡಿ, ಸಂದಿ ಕಂಡ ಕಡೆ ವಾಲುವುದು. ಬುಡದಲ್ಲಿ ಬಿದ್ದ ಬೀಜ ಮಳೆಗೆ ಮೊಳೆತು ನೆರಳಿನಲ್ಲೇ ಸೊರಗುವುದು. ಲಾಡ್ಲೆಸಾಬನ ಬೇವು ಗೋಡೆಯ ಕಡೆ, ಹೆಂಡತಿಯ ಅಂಗಳದ ಕಡೆ ವಾಲಿತ್ತು.

ಒಂದು ಬೇಸಿಗೆಯಲ್ಲಿ ಅದರ ತುದಿ ಒಣಗಿತು. ಬೀಬಿಜಾನ ಇಮಾಮಸಾಬನನ್ನು ಕರೆಸಿದಳು.

"ಇಮಾಮಭಾಯ್, ನಿಮ್ಮಪ್ಪನ ಮರ ನನ್ನ ಗಂಡನ ನೀರು ಕುಡಿಯಾಕತ್ತದ. ಇವತ್ತು ಬೇರು ಕಡಸ್ತೇನಿ. ಆಮ್ಯಾಲೆ ಹೇಳಲಿಲ್ಲ ಅನಬ್ಯಾಡ್ರಿ, ಎದುರಿಗೇ ನಿಂದರ್ರಿ."

"ನಮ್ಮಪ್ಪ ಬದುಕಿದ್ದಾಗ ನಿಮ್ಮ ಮನಿ ಚಾ ಸೈತ ಕುಡೀಲಿಲ್ಲ ಭಾಬಿ. ಸತ್ತು ನೀರು ಕುಡೀತಾನೇನು?"

ಬೀಬಿಜಾನಳ ಮಗ ಖಲೀಲ ಕಿಂಡಿಯ ಬುಡ ಅಗೆದ. ತೋಳು ದಪ್ಪದ ಬೇರು ಸಿಕ್ಕಿತು.

"ಈಗ ಏನಂತೀರಿ?" ಅಂದಳು ಬೀಬಿಜಾನ.

ಇಮಾಮಸಾಬ ಕುಕ್ಕರುಗಾಲಲ್ಲಿ ಕೂತು ಕೈಯಿಂದಲೇ ಮಣ್ಣು ಕೆದರಿದ. ಬೇರು ಗೋಡೆಯಾಚೆಗೆ ಹೋಗಿರಲಿಲ್ಲ. ಕಾಲುವೆಯ ಗುಂಟ ಹಿಂದಕ್ಕೇ ಹರಿದಿತ್ತು. ಅವನು ಕೆದರುತ್ತ ಕೆದರುತ್ತ ಅಂಗಳದ ಹುಣಸೆಯ ಬುಡಕ್ಕೆ ಬಂದು ನಿಂತ. ಅಲ್ಲಿ ಬೀಬಿಜಾನ ಮಲಗುವ ಹೊರಸು ಹಾಕಿತ್ತು.

"ಭಾಬಿ, ಕಳ್ಳ ನಿಮ್ಮ ಹೊರಸಿನ ಕೆಳಗೇ ಇದ್ದಾನಲ್ರಿ."

ಬೀಬಿಜಾನ ಮೇಲೆ ನೋಡಿದಳು. ಬಿಸಿಲು ಹುಡುಕಿಕೊಂಡು ವಾಲಿ ಬಂದ ಬೇವಿನ ಮುಖಕ್ಕೆ ತನ್ನದೇ ಹುಣಸೆ ಬಾಗಿಲು ಹಾಕಿ ನಿಂತಿತ್ತು. ಅಷ್ಟು ವರ್ಷ ಆ ನೆರಳಲ್ಲೇ ಜ್ವಾಳ ಹಸನು ಮಾಡಿದ್ದಳು, ಮಲಗಿದ್ದಳು, ಇಮಾಮಸಾಬನನ್ನು ಬೈದಿದ್ದಳು.

"ಖಲೀಲ, ಬುಡಕ್ಕೆ ಕೊಡ್ಲಿ ಹಾಕು."

"ಕೊಂಬಿ ಸವರಿದ್ರ ಸಾಕಮ್ಮಾ."

"ಕೊಂಬಿ ಸವರಿದ್ರ ಬೇರು ನೀರು ಬಿಡ್ತದೇನಲೇ?"

"ಬ್ಯಾಸಗ್ಯಾಗ ಎಲ್ಲಿ ಕೂಡ್ತಿ?"

"ನಿಮ್ಮಪ್ಪ ಬಿಸಿಲಾಗ ನಿಂತು ಕೆಲಸ ಮಾಡಿ ನನ್ನನ್ನ ನೆರಳಾಗ ಕೂಡಿಸಿದ. ಇನ್ನ ನಾ ಕೂಡ್ತೇನಿ ಬಿಸಿಲಾಗ."

ಹುಣಸೆ ಉರುಳಿತು. ಮನೆಯ ಮರ ಕಡಿದು ಖಬರಸ್ತಾನದ ಮರ ಉಳಿಸಹೊರಟಿದ್ದಾಳೆ, ತಲೆ ಕೆಟ್ಟಿದೆ ಅಂದರು ಅದೇ ಹೆಣ್ಣುಮಕ್ಕಳು. ಬೀಬಿಜಾನ ಹೊರಸು ಸರಿಸಲಿಲ್ಲ. ಹಸಿ ಸೆರಗು ತಲೆಗೆ ಹೊದ್ದು ಅಲ್ಲೇ ಕೂತಳು, ಕೊಡ ಬಗ್ಗಿಸುವುದನ್ನು ಒಂದು ದಿನವೂ ಬಿಡಲಿಲ್ಲ. ಇಮಾಮಸಾಬನೂ ಯಾರೂ ಹೇಳದೆ ತನ್ನ ಅಪ್ಪನ ಮರದ ಈಚೆ ಕೊಂಬೆಗಳನ್ನು ಸವರಿದ. "ನಮ್ಮಪ್ಪಗ ಒಂಚೂರು ಕೈ ಮಡಚ್ಕೊ ಅಂದೆ, ಭಾಬಿ" ಅಂದ.

ಮಳೆ ಬಿದ್ದ ಮೇಲೆ ಒಣಗಿದ ತುದಿಯ ಕೆಳಗೆ ಕೆಂಪು ಚಿಗುರು ಒಡೆಯಿತು. ವರ್ಷ ವರ್ಷಕ್ಕೆ ಬೇವು ಗೋಡೆ ಹತ್ತಿ, ಗೋಡೆ ದಾಟಿ, ಅಂಗಳದ ತುಂಬ ಕೊಂಬೆ ಇಳಿಸಿತು. ಹೊರಸು ಇದ್ದಲ್ಲಿಯೇ ಇತ್ತು, ನೆರಳೇ ಅದರ ಹತ್ತಿರ ಬಂತು.

ಈ ಸಲ ಬೇವು ಹೂ ಬಿಟ್ಟ ಕಾಲಕ್ಕೆ ಬೀಬಿಜಾನ ಆ ಹೊರಸಿನ ಮೇಲೇ ತೀರಿಕೊಂಡಳು. ಗಂಡಸರು ಜನಾಜಾ ಹೆಗಲಿಗೆ ಎತ್ತಿದರು. ಬಾಗಿಲಿಗೆ ಅಡ್ಡ ಬೇವಿನ ಕೊಂಬೆ ಇಳಿದಿತ್ತು. ಯಾರೋ ಕೊಡಲಿ ತರಲು ಹೊರಟರು. ಮುಂದಿನ ಹೆಗಲು ಕೊಟ್ಟಿದ್ದ ಇಮಾಮಸಾಬ ತಡೆದ.

"ಕೊಡ್ಲಿ ಯಾಕ್ರಿ? ಎಲ್ಲಾರೂ ಬಗ್ರಿ."

ಎಲ್ಲರೂ ಮೊಣಕಾಲು ಮಡಚಿ ಬಗ್ಗಿದರು. ಕೊಂಬೆ ಹೊದಿಕೆಯನ್ನು ಸವರಿ ನಾಲ್ಕು ಹೂ ಉದುರಿಸಿತು. ಹಾಗೇ ಬಗ್ಗಿಕೊಂಡು ಅವಳನ್ನು ಬಾಗಿಲು ದಾಟಿಸಿ, ಅವಳು ಎಂದೂ ಒಳಹೋಗದ ಖಬರಸ್ತಾನದ ಗೇಟಿನ ಕಡೆ ತಿರುಗಿದರು.