ಕದರಮ್ಮನ ಕೊನೆಯ ಆಸ್ಟರ್ ಬುಡ

ಶೆಟ್ಟಿಹಳ್ಳಿಯ ಪಾರ್ಕಿನ ಗೇಟು ಇನ್ನೂ ತೆರೆದಿಲ್ಲ. ಒಳಗೆ ನಲ್ಲಿಯ ಪಕ್ಕ ಕದರಮ್ಮ ಕಾಲು ಚಾಚಿಕೊಂಡು ನೆಲದ ಮೇಲೆ ಕೂತಿದ್ದಾರೆ. ಮಂಡಿ ಈಗ ಮಡಚಲು ಬರುವುದಿಲ್ಲ. ಒಡೆದ ಕುಂಡವೊಂದನ್ನು ಹತ್ತಿರಕ್ಕೆಳೆದು, ಅದರಲ್ಲಿರುವ ಗೇಣುದ್ದದ ಗಿಡದ ಎಲೆಯನ್ನು ಮಗುಚಿ ನೋಡುತ್ತಾರೆ. ಎಲೆಯ ಮೇಲೆ ಬೂದಿ ಎರಚಿದಂತೆ ಬಿಳಿ ಮಚ್ಚೆಗಳಿವೆ.

"ಇದ್ಕೂ ಬೂದಿ ರೋಗ ಹತ್ಕೊಂತು ಸಾ," ಎಂದು ನನಗೆ ಹೇಳುತ್ತಾ ಆ ಎಲೆಯನ್ನು ಕಿತ್ತು ಮಡಿಲಿಗೆ ಹಾಕಿಕೊಳ್ಳುತ್ತಾರೆ.

ಇದು ನೀಲಿ ಆಸ್ಟರ್. ಹಾರಕ್ಕೆ ಕಟ್ಟುವ, ಬೀಜದಿಂದ ಬೆಳೆಯುವ ಆಸ್ಟರ್ ಅಲ್ಲ. ವರ್ಷ ವರ್ಷವೂ ಬುಡದಿಂದಲೇ ಚಿಗುರುವ ಜಾತಿ. ಈ ಪಾರ್ಕಿನ ಹಳೆಯ ಮಾಲಿ ಕರಿಬಸವಯ್ಯ ಎಲ್ಲಿಂದಲೋ ತಂದು ನೆಟ್ಟದ್ದು. ಅವರು ತೀರಿಕೊಂಡ ಮೇಲೆ, ಹುತ್ರಿದುರ್ಗದ ಕಡೆಯಿಂದ ಈ ಊರಿಗೆ ಮದುವೆಯಾಗಿ ಬಂದ ಕದರಮ್ಮ ಪಾರ್ಕಿನ ಕೆಲಸಕ್ಕೆ ಸೇರಿ ಅದನ್ನು ನೋಡಿಕೊಂಡರು. ಹೂ ಮುಗಿದಾಗ ಸುತ್ತ ಮರಿಗಳು ಏಳುತ್ತವೆ, ನಡುವಿನ ಹಳೆಯ ಬುಡ ಟೊಳ್ಳಾಗುತ್ತದೆ. ಆ ಬುಡವನ್ನು ಎಸೆದು ಮರಿಗಳನ್ನು ನೆಡಬೇಕು. ಗಿಡಗಳ ವಿಷಯ ನನಗೆ ಅಷ್ಟಾಗಿ ತಿಳಿಯದು; ಅವರು ತೋರಿಸಿದ್ದನ್ನೇ ಬರೆಯುತ್ತಿದ್ದೇನೆ.

ಕಳೆದ ವರ್ಷ ಸರಿಯಾಗಿ ಆ ಹೊತ್ತಿಗೇ ಅವರು ಜ್ವರ ಬಂದು ಮಲಗಿದರು. ಕೀಲುಗಳೆಲ್ಲ ಹಿಡಿದುಕೊಂಡವು. ಅವರ ಬದಲಿಗೆ ಬಂದವರು ರಹಿಮಾ ಬೀ. ಅದಕ್ಕೆ ಮುಂಚೆ ಅಮೃತೂರಿನ ಬಾಳೆ ತೋಟಗಳಲ್ಲಿ ಕೂಲಿ ಮಾಡುತ್ತಿದ್ದವರು. ಬಾಳೆಯಲ್ಲಿ ತಾಯಿ ಗಿಡ ಸೊರಗಬಾರದೆಂದು ಪಕ್ಕದಲ್ಲಿ ಏಳುವ ಕಂದುಗಳನ್ನು ಕಡಿಯುತ್ತಾರೆ. ರಹಿಮಾ ಬೀ ಇಲ್ಲಿಯೂ ಹಾಗೆಯೇ ಮಾಡಿದರು. ಮರಿಗಳನ್ನೆಲ್ಲ ಒಂದೊಂದಾಗಿ ಕಿತ್ತು, ಹಳೆಯ ಬುಡಗಳಿಗೆ ಗೊಬ್ಬರ ಕೊಟ್ಟರು. ಬೇಸಿಗೆಯಲ್ಲಿ ಬುಡಗಳು ಒಣಗಿದವು. ಮಳೆ ಬಂದರೂ ಏಳಲಿಲ್ಲ.

"ಚೆನ್ನಾಗಿ ಬರ್ಲಿ ಅಂತಾನೇ ಕಿತ್ತಿದ್ದು ಅಕ್ಕಾ," ಎನ್ನುತ್ತಾರೆ ಪೊರಕೆ ಹಿಡಿದು ನಿಂತ ರಹಿಮಾ ಬೀ. ಈ ಮಾತನ್ನು ಅವರು ಎಷ್ಟು ಸಲ ಹೇಳಿದ್ದಾರೋ.

"ಸುಮ್ಕಿರೇ, ನಿಂಗ್ಯಾರು ಏನಂದ್ರೀಗ? ಇನ್ನೇನು, ಗೊನೆ ಬುಡ್ತದೆ ನೋಡ್ತಿರು." ಕದರಮ್ಮ ತಮಾಷೆ ಮಾಡುತ್ತಾರೆ. ಇಬ್ಬರಿಗೂ ನಗು ಬರುವುದಿಲ್ಲ.

ನಡೆಯಲು ಬಂದ ಕೂಡಲೇ ಕದರಮ್ಮ ಬಸ್ಸು ಹತ್ತಿ, ಹಿಂದೆ ಮರಿ ಕೊಟ್ಟಿದ್ದ ಮನೆಗಳನ್ನು ಹುಡುಕಿಕೊಂಡು ಹೋದರು. "ಗುಬ್ಬೀಲಿ ಅಂಗಳಕ್ಕೆಲ್ಲ ಟೈಲ್ಸ್ ಹಾಕ್ಸವ್ರೆ. ಕುಣಿಗಲ್ ಮೇಷ್ಟ್ರ ಮನೇಲಿ ಗಿಡ ಇದ್ದ ಜಾಗದಾಗೆ ಕಾರ್ ನಿಂತೈತೆ. ಯಾವ ಹೂ ಅಮ್ಮಾ ಅಂತ ನನ್ನೇ ಕೇಳ್ತಾರೆ. ಟೀ ಕುಡ್ದು ಬಂದೆ."

ಪಾರ್ಕಿಗೆ ದಿನವೂ ಬರುವವರಲ್ಲೂ ಇಲ್ಲಿದ್ದ ನೀಲಿ ಹೂ ಏನಾಯಿತೆಂದು ಒಬ್ಬರೂ ಕೇಳಿಲ್ಲವಂತೆ. ಆ ಪಾತಿಯಲ್ಲಿ ಈಗ ಹುಲ್ಲು ಬೆಳೆದಿದೆ. ನಲ್ಲಿಯ ತೇವಕ್ಕೆ ಒಂದೇ ಒಂದು ಬುಡದ ಅಂಚಿನಲ್ಲಿ ಚಿಗುರಿದ ಮರಿ ಈ ಕುಂಡದ್ದು.

"ಅಕ್ಕಾ, ಮೊಗ್ಗು!" ರಹಿಮಾ ಬೀ ಪೊರಕೆ ಬಿಟ್ಟು ಬಗ್ಗುತ್ತಾರೆ. ತುದಿಯಲ್ಲಿ ಅಕ್ಕಿಕಾಳಿನಷ್ಟು ಹಸಿರು. ಒಂದು ವರ್ಷದಲ್ಲಿ ಅವರ ಮುಖ ಹೀಗೆ ಅರಳಿದ್ದು ಇದೇ ಮೊದಲಿರಬೇಕು.

ಕದರಮ್ಮ ಅದನ್ನು ತುಸು ಹೊತ್ತು ನೋಡಿ, ಉಗುರಿನಲ್ಲಿ ಚಿವುಟಿಬಿಡುತ್ತಾರೆ.

"ಅಯ್ಯೋ ಅಕ್ಕಾ, ಒಂದೇ ಒಂದ್ ಇತ್ತಲ್ಲ!"

"ಹೂ ಬುಟ್ರೆ ಸತ್ತೋಗ್ತದೆ ಕಣೇ. ಬೇರಿಗೇ ಜೀವ ಇಲ್ಲ."

"ಈಗ್ ಬದುಕ್ತದಾ?"

ಕದರಮ್ಮ ಬೊಗಸೆಯಲ್ಲಿ ನೀರು ಹಿಡಿದು, ಎಲೆಗೆ ತಾಗದಂತೆ ಬುಡಕ್ಕೆ ಬಿಡುತ್ತಾರೆ. ಹೊರಗೆ ಯಾರೋ ಗೇಟು ಬಡಿಯುತ್ತಿದ್ದಾರೆ. ಏಳಲು ಕೈ ಚಾಚಿದಾಗ ರಹಿಮಾ ಬೀ ಹಿಡಿದೆತ್ತುತ್ತಾರೆ.

"ನಾಳೆ ನಾನ್ ಬರ್ದಿದ್ರೂ," ನಿಂತ ಮೇಲೆ ಕದರಮ್ಮ ಹೇಳುತ್ತಾರೆ, "ಪಕ್ಕದಾಗೆ ಏನಾರ ಎದ್ರೆ ಕೀಳ್ಬ್ಯಾಡ."